ಬೂದಿಯಲ್ಲಿ ಉಳಿಯುವ ಸೀಸ

ಬೂದಿಯ ಬಗ್ಗೆ ನಮಗೆ ಹಳೆಯದೊಂದು ನಂಬಿಕೆ ಇದೆ. ನಮ್ಮ ಅಜ್ಜಿಯರು ಒಲೆಯ ಬೂದಿಯಲ್ಲೇ ಪಾತ್ರೆ ಬೆಳಗಿದವರು. ಬದನೆ ಗಿಡಕ್ಕೆ ಹುಳ ಬಿದ್ದರೆ ಬೂದಿ ಎರಚುತ್ತಾರೆ, ತಿಪ್ಪೆಗೆ ಬೂದಿ ಸುರಿದರೆ ಗೊಬ್ಬರಕ್ಕೆ ಕಸುವು ಬರುತ್ತದೆ ಎನ್ನುತ್ತಾರೆ. ಹಣೆಗೆ ಹಚ್ಚುವುದೂ ಬೂದಿಯನ್ನೇ. ಬೆಂಕಿ ಮುಟ್ಟಿದ್ದೆಲ್ಲ ಶುದ್ಧವಾಯಿತು ಎಂಬ ಭಾವನೆ ಇದರ ಹಿಂದಿದೆ. ಸೌದೆ, ಸೆಗಣಿಯ ಬೂದಿಗೆ ಈ ನಂಬಿಕೆ ಬಹುಮಟ್ಟಿಗೆ ಸಲ್ಲುತ್ತದೆ. ಊರ ಕಸ ಸುಟ್ಟ ಬೂದಿಗೆ ಸಲ್ಲುವುದಿಲ್ಲ. ಕಸದಿಂದ ವಿದ್ಯುತ್ ತೆಗೆಯುವ ಸ್ಥಾವರಗಳು ನಮ್ಮ ಊರುಗಳ ಅಂಚಿಗೂ ಬಂದಿರುವ ಈ ಹೊತ್ತಿನಲ್ಲಿ ಆ ವ್ಯತ್ಯಾಸವನ್ನು ಗಟ್ಟಿಯಾಗಿ ಹೇಳಬೇಕಾಗಿದೆ.

ಬೂದಿಯನ್ನು ನಂಬಿ ಮೋಸ ಹೋದವರು ನಾವೇ ಮೊದಲಿಗರಾಗಬೇಕಿಲ್ಲ. ಇಂಗ್ಲೆಂಡಿನ ನ್ಯೂಕಾಸಲ್ ನಗರದ ಬೈಕರ್ ಎಂಬಲ್ಲಿ, ಕಸದಿಂದ ಮಾಡಿದ ಇಂಧನ ಸುಟ್ಟು ಮನೆಗಳಿಗೆ ಶಾಖ ಒದಗಿಸುವ ಸ್ಥಾವರವೊಂದಿತ್ತು. ನಗರದ ಜನ ತುಂಡು ತುಂಡು ಜಾಗ ಗುತ್ತಿಗೆಗೆ ಪಡೆದು ತರಕಾರಿ ಬೆಳೆಯುವ, ಕೋಳಿ ಸಾಕುವ ತೋಟಗಳಲ್ಲಿ ಕಾಲುದಾರಿ ಕೆಸರಾಗದಿರಲಿ ಎಂದು 1994ರಿಂದ 1999ರವರೆಗೆ ಆ ಸ್ಥಾವರದ ಸುಮಾರು 2,000 ಟನ್ ಬೂದಿಯನ್ನು ಹರಡಲಾಯಿತು. ಕುಲುಮೆಯ ತಳದ ಬೂದಿಯ ಜೊತೆಗೆ ಹೊಗೆಯಿಂದ ಸೋಸಿದ ಹಾರುಬೂದಿಯೂ ಅದರಲ್ಲಿ ಬೆರೆತಿತ್ತು. ಆಮೇಲೆ ಪರೀಕ್ಷಿಸಿ ನೋಡಿದರೆ ಭಾರ ಲೋಹಗಳು, ಡಯಾಕ್ಸಿನ್ ಎಂಬ ವಿಷರಾಸಾಯನಿಕ. ಅಲ್ಲಿನ ಕೋಳಿಮೊಟ್ಟೆ ತಿನ್ನಬೇಡಿ ಎಂದು ಜನರಿಗೆ ಹೇಳಬೇಕಾಯಿತು, ಹರಡಿದ್ದನ್ನು ಕೆರೆದು ತೆಗೆಯಬೇಕಾಯಿತು. ಬೂದಿ ಹರಡಿದವರು ದುರುದ್ದೇಶದಿಂದ ಹರಡಿದ್ದೆಂದು ನನಗೆ ಅನ್ನಿಸುವುದಿಲ್ಲ. ಎರಡು ಬಗೆಯ ಬೂದಿಯನ್ನು ಒಂದೇ ಎಂದುಕೊಂಡದ್ದೇ ಅನಾಹುತಕ್ಕೆ ಸಾಕಾಯಿತು.

ಈ ಎರಡು ಬೂದಿಗಳು ಹೇಗೆ ಬೇರೆಯಾಗುತ್ತವೆ ಎಂಬುದು ತಿಳಿದರೆ ಮುಂದಿನದೆಲ್ಲ ಸುಲಭ. ಬೆಂಕಿ ಕಾಗದ, ಬಟ್ಟೆ, ಪ್ಲಾಸ್ಟಿಕ್, ತೆಂಗಿನ ಚಿಪ್ಪನ್ನು ಅನಿಲವಾಗಿಸಿ ಕಳಿಸಬಲ್ಲದು. ಸೀಸದ ಒಂದೇ ಒಂದು ಪರಮಾಣುವನ್ನೂ ಅದು ಇಲ್ಲವಾಗಿಸಲಾರದು. ಕಸದಲ್ಲಿ ಸೀಸ ಹಳೆಯ ಬಣ್ಣದ ಚಕ್ಕೆಯಿಂದ, ಸರ್ಕ್ಯೂಟ್ ಬೋರ್ಡಿನ ಬೆಸುಗೆಯಿಂದ, ಪಿವಿಸಿ ತಂತಿಯ ಹೊದಿಕೆಯಿಂದ ಬರುತ್ತದೆ. ಕ್ಯಾಡ್ಮಿಯಂ ರೀಚಾರ್ಜ್ ಬ್ಯಾಟರಿಯಿಂದ, ಬಣ್ಣದ ಪ್ಲಾಸ್ಟಿಕ್‌ನಿಂದ. ಸತು ಟೈರು, ಚಪ್ಪಲಿಯ ರಬ್ಬರ್ ಮತ್ತು ಜಿಐ ತಗಡಿನಿಂದ. ಪಾದರಸ ಟ್ಯೂಬ್‌ಲೈಟ್, ಥರ್ಮಾಮೀಟರ್‌ನಿಂದ. ಒಂದು ಟನ್ ಕಸ ಸುಟ್ಟರೆ ಯುರೋಪಿನ ಸ್ಥಾವರಗಳಲ್ಲಿ ಸಾಮಾನ್ಯವಾಗಿ 200ರಿಂದ 250 ಕಿಲೋ ತಳಬೂದಿ, 20ರಿಂದ 30 ಕಿಲೋ ಹಾರುಬೂದಿ ಉಳಿಯುತ್ತದೆ. ಟನ್ ಕಸದಲ್ಲಿ ಚದುರಿಕೊಂಡಿದ್ದ ಲೋಹವೆಲ್ಲ ಈಗ ಇಷ್ಟರಲ್ಲೇ ಸೇರಿಕೊಂಡಿದೆ.

ಸೇರಿಕೊಳ್ಳುವುದೂ ಸಮನಾಗಿ ಅಲ್ಲ. ಕುಲುಮೆಯ ಉಷ್ಣತೆ 850 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು ಎನ್ನುವುದು ಯುರೋಪಿನ ನಿಯಮ. ಪಾದರಸ 357 ಡಿಗ್ರಿಗೇ ಕುದಿಯುತ್ತದೆ, ಕ್ಯಾಡ್ಮಿಯಂ 767ಕ್ಕೆ, ಸತು 907ಕ್ಕೆ. ಸೀಸ ಕುದಿಯಲು 1,749 ಡಿಗ್ರಿ ಬೇಕು. ಈ ಲೆಕ್ಕದಲ್ಲಿ ಸೀಸ ಕೆಳಗೇ ಉಳಿಯಬೇಕಿತ್ತು. ಆದರೆ ಕಸದಲ್ಲಿ ಕ್ಲೋರಿನ್ ಇದೆ: ಪಿವಿಸಿಯಲ್ಲಿದೆ, ತಿಂದುಳಿದ ಅನ್ನ-ಸಾರು-ಉಪ್ಪಿನಕಾಯಿಯ ಉಪ್ಪಿನಲ್ಲಿದೆ. ಸೀಸ ಕ್ಲೋರಿನ್ ಜೊತೆ ಸೇರಿ ಸೀಸದ ಕ್ಲೋರೈಡ್ ಆದರೆ ಅದು 950 ಡಿಗ್ರಿಗೆಲ್ಲ ಕುದಿದು ಆವಿಯಾಗುತ್ತದೆ. ಸತುವಿನ ಕ್ಲೋರೈಡಿಗೆ 732 ಡಿಗ್ರಿ ಸಾಕು. ಹೀಗೆ ಆವಿಯಾದ ಲೋಹಗಳು ಹೊಗೆಯ ಜೊತೆ ಮೇಲೇರಿ, ಬಾಯ್ಲರ್ ದಾಟಿ ತಣ್ಣಗಾಗುತ್ತಿದ್ದಂತೆ ಅಲ್ಲಿ ತೇಲುವ ನುಣ್ಣನೆಯ ಧೂಳಿನ ಮೈಗೆ ಅಂಟಿಕೊಳ್ಳುತ್ತವೆ. ಆ ಧೂಳನ್ನು ಬ್ಯಾಗ್ ಫಿಲ್ಟರ್ ಹಿಡಿಯುತ್ತದೆ. ಕಬ್ಬಿಣ, ತಾಮ್ರ, ಕ್ರೋಮಿಯಂ ಬಹುಪಾಲು ತಳಬೂದಿಯಲ್ಲೇ ಉಳಿಯುತ್ತವೆ.

ಚಿಮಣಿಯ ಹೊಗೆ ಎಷ್ಟು ಶುದ್ಧವೋ ಹಾರುಬೂದಿ ಅಷ್ಟು ವಿಷ. ಫಿಲ್ಟರ್ ಚೆನ್ನಾಗಿ ಕೆಲಸ ಮಾಡಿದಷ್ಟೂ ಗಾಳಿಗೆ ಹೋಗಬೇಕಿದ್ದುದು ಚೀಲದೊಳಗೆ ಬಂದು ಬೀಳುತ್ತದೆ. ಹೊಸ ಸ್ಥಾವರ ಕಟ್ಟುವಾಗ ಎಲ್ಲರೂ ಹೊಗೆಯ ಬಗ್ಗೆ ಕೇಳುತ್ತಾರೆ, ಕೇಳಲೇಬೇಕು. ಹೊಗೆಯಿಂದ ತೆಗೆದದ್ದನ್ನು ಎಲ್ಲಿ ಇಡುತ್ತೀರಿ ಎಂದು ಕೇಳುವವರು ಕಡಿಮೆ. ಯುರೋಪಿನಲ್ಲಿ ಹಾರುಬೂದಿಯನ್ನು ಅಪಾಯಕಾರಿ ತ್ಯಾಜ್ಯವೆಂದೇ ನಿರ್ವಹಿಸುತ್ತಾರೆ. ಜಪಾನ್ 1991ರಲ್ಲಿ ತನ್ನ ತ್ಯಾಜ್ಯ ಕಾನೂನನ್ನು ತಿದ್ದಿ ಅದನ್ನು ವಿಶೇಷ ನಿಗಾದ ತ್ಯಾಜ್ಯ ಎಂದು ಗುರುತಿಸಿತು, ಸಂಸ್ಕರಿಸದೆ ಹೂಳುವಂತಿಲ್ಲ.

ಈಗ ಮಳೆಯ ಮಾತಿಗೆ ಬರೋಣ. ಬೂದಿಯಲ್ಲಿ ಲೋಹ ಇದೆ ಎಂಬುದಷ್ಟೇ ಅಪಾಯವಾಗುವುದಿಲ್ಲ. ಎಷ್ಟೋ ಬಂಡೆಗಳಲ್ಲೂ ಸೀಸವಿದೆ. ನೀರು ಅದರ ಮೂಲಕ ಇಳಿದಾಗ ಎಷ್ಟು ಕರಗಿ ಬರುತ್ತದೆ ಎಂಬುದು ಮುಖ್ಯ. ಕಾಫಿ ಪುಡಿಯ ಮೇಲೆ ಬಿಸಿನೀರು ಸುರಿದರೆ ಡಿಕಾಕ್ಷನ್ ಇಳಿಯುವಂತೆ ಬೂದಿಗುಡ್ಡದ ಮೇಲೆ ಬಿದ್ದ ಮಳೆ ಲೋಹವನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಹಾಗೆ ಇಳಿದದ್ದು ಮಣ್ಣಿಗೆ, ಕೊಳವೆಬಾವಿಗೆ, ಕೆರೆಗೆ ಸೇರುತ್ತದೆ. ಭಾರತದಲ್ಲಿ ಕುಡಿಯುವ ನೀರಿಗೆ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂನದು 0.003. ಮಕ್ಕಳ ಮೆದುಳಿಗೆ ಸೀಸ ಮಾಡುವ ಹಾನಿಗೆ ಸುರಕ್ಷಿತ ಮಟ್ಟವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಬೂದಿ ಸಂಸ್ಕರಣೆಯ ಗುರಿ ಲೋಹವನ್ನು ಕರಗದಂತೆ ಕಟ್ಟಿಹಾಕುವುದು, ಇಲ್ಲವೇ ಲೋಹವನ್ನೇ ಹೊರತೆಗೆಯುವುದು. ಈ ಎರಡು ದಾರಿಗಳ ನಡುವೆ ಎಷ್ಟು ಅಂತರವಿದೆ ಎಂಬುದೇ ಈ ಅಂಕಣದ ವಿಷಯ.

ಕಟ್ಟಿಹಾಕುವುದು ಯಾಕೆ ಕಷ್ಟ? ಹೊಗೆಯಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲವನ್ನು ತಟಸ್ಥಗೊಳಿಸಲು ಸ್ಥಾವರದಲ್ಲಿ ಸುಣ್ಣದ ಪುಡಿ ಊದುತ್ತಾರೆ. ಮಿಕ್ಕ ಸುಣ್ಣವೂ ಹಾರುಬೂದಿಯಲ್ಲೇ ಬಂದು ಬೀಳುತ್ತದೆ. ಹೀಗಾಗಿ ಹೊಸ ಹಾರುಬೂದಿ ಕಲಸಿದ ನೀರಿನ ಪಿಎಚ್ 12 ದಾಟಿರುತ್ತದೆ, ಕೈ ಸುಡುವಷ್ಟು ಕ್ಷಾರ. ಲೋಹಗಳು ಆಮ್ಲದಲ್ಲಿ ಕರಗುತ್ತವೆ, ಕ್ಷಾರದಲ್ಲಿ ಗಟ್ಟಿಯಾಗಿ ಕೂರುತ್ತವೆ ಎಂದು ಶಾಲೆಯಲ್ಲಿ ಕಲಿತದ್ದು ನೆನಪಿದ್ದರೆ ಇದು ಒಳ್ಳೆಯ ಸುದ್ದಿ ಅನ್ನಿಸಬೇಕು. ಸೀಸ ಈ ಪಾಠಕ್ಕೆ ಒಗ್ಗುವುದಿಲ್ಲ. ಅದು ಆಮ್ಲದಲ್ಲೂ ಕರಗುತ್ತದೆ, ತೀರ ಗಟ್ಟಿ ಕ್ಷಾರದಲ್ಲೂ ಕರಗುತ್ತದೆ. ಅದು ಅತಿ ಕಡಿಮೆ ಕರಗುವುದು ಪಿಎಚ್ 9-10ರ ಆಸುಪಾಸಿನಲ್ಲಿ. ಸತುವಿನ ಸ್ವಭಾವವೂ ಹೀಗೇ. ಆದ್ದರಿಂದ ಸುಣ್ಣ ತುಂಬಿದ ಹೊಸ ಹಾರುಬೂದಿಗೆ ಬರೀ ನೀರು ಬಿದ್ದರೂ ಸೀಸ ಧಾರಾಳವಾಗಿ ಬಿಟ್ಟುಕೊಳ್ಳುತ್ತದೆ. ಕ್ಯಾಡ್ಮಿಯಂ ಬೇರೆ ಜಾತಿ. ಗಟ್ಟಿ ಕ್ಷಾರದಲ್ಲಿ ಅದು ಸುಮ್ಮನಿರುತ್ತದೆ. ವರ್ಷಗಳು ಉರುಳಿ, ಮಳೆ ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡ್ ಸುಣ್ಣವನ್ನು ಸವೆಸಿ ಪಿಎಚ್ ಇಳಿದ ಮೇಲೆ ಅದರ ಸರದಿ. ಬೂದಿಯಲ್ಲಿರುವ ಅಪಾರ ಕ್ಲೋರೈಡ್ ಅದನ್ನು ನೀರಿಗೆ ಎಳೆಯಲು ಸಹಾಯವನ್ನೂ ಮಾಡುತ್ತದೆ.

ಒಂದೇ ಬೂದಿಯಲ್ಲಿ ಇಂದು ಕರಗುವ ಲೋಹವೂ ಇದೆ, ಐವತ್ತು ವರ್ಷ ಬಿಟ್ಟು ಕರಗುವ ಲೋಹವೂ ಇದೆ. ಸಂಸ್ಕರಣೆಯ ಯಾವ ವಿಧಾನವನ್ನೂ ಈ ಎರಡು ಕಾಲಗಳನ್ನು ಮುಂದಿಟ್ಟುಕೊಂಡೇ ತೂಗಬೇಕು.

ತಳಬೂದಿಗೆ ಬಳಸುವ ವಿಧಾನ ಎಲ್ಲಕ್ಕಿಂತ ಸರಳ: ಗುಡ್ಡೆ ಹಾಕಿ ಎರಡು ಮೂರು ತಿಂಗಳು ಬಯಲಲ್ಲಿ ಬಿಡುವುದು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಬೂದಿಯ ಸುಣ್ಣ ಸುಣ್ಣಕಲ್ಲಾಗುತ್ತದೆ, ಪಿಎಚ್ 12ರ ಹತ್ತಿರದಿಂದ 8-10ಕ್ಕೆ ಇಳಿಯುತ್ತದೆ, ಸೀಸ ಮತ್ತು ಸತು ಕರಗುವುದು ಬಹಳ ಕಡಿಮೆಯಾಗುತ್ತದೆ. ಅಷ್ಟರಲ್ಲಿ ಅದರೊಳಗಿನ ಕಬ್ಬಿಣ, ಅಲ್ಯೂಮಿನಿಯಂ ಚೂರುಗಳನ್ನು ಆಯ್ದು ಮಾರುತ್ತಾರೆ. ಅಲ್ಯೂಮಿನಿಯಂ ಉಳಿದರೆ ಕ್ಷಾರದಲ್ಲಿ ಹೈಡ್ರೋಜನ್ ಬಿಟ್ಟು, ಬೂದಿ ಹಾಕಿ ಕಟ್ಟಿದ ಕಾಂಕ್ರೀಟು ಉಬ್ಬಿ ಬಿರುಕು ಬಿಡುತ್ತದೆ. ಹೀಗೆ ಹದವಾದ ತಳಬೂದಿಯನ್ನು ನೆದರ್‌ಲ್ಯಾಂಡ್ಸ್, ಡೆನ್ಮಾರ್ಕ್‌ಗಳಲ್ಲಿ ರಸ್ತೆಯ ತಳಪದರಕ್ಕೆ ಬಳಸಿದ್ದಾರೆ. ಒಂದು ತೊಡಕು ಮಾತ್ರ ಉಳಿಯುತ್ತದೆ. ಪ್ಲಾಸ್ಟಿಕ್‌ಗೆ ಬೆಂಕಿ ತಗುಲದಿರಲೆಂದು ಬೆರೆಸುವ ರಾಸಾಯನಿಕಗಳಿಂದ ಬರುವ ಆಂಟಿಮನಿ ಇದಕ್ಕೆ ತಿರುಗಾಮುರುಗಾ: ಪಿಎಚ್ ಇಳಿದಂತೆ ಸೀಸ ಅಡಗುತ್ತದೆ, ಆಂಟಿಮನಿ ಹೊರಬರುತ್ತದೆ. ಒಂದು ಲೋಹಕ್ಕೆ ಕೊಟ್ಟ ಮದ್ದು ಇನ್ನೊಂದನ್ನು ಎಬ್ಬಿಸುವುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿ.

ಹಾರುಬೂದಿಯನ್ನು ಬಯಲಲ್ಲಿ ಬಿಡುವಂತಿಲ್ಲ. ಅದಕ್ಕೆ ಮೊದಲಿನಿಂದ ಬಳಸಿದ್ದು ಸಿಮೆಂಟ್. ಬೂದಿ, ಸಿಮೆಂಟ್, ನೀರು ಕಲಸಿ ಗಟ್ಟಿ ಮಾಡುವುದು ಕೇಳಲು ಸುಲಭ, ಆದರೆ ಬೂದಿಯ ಉಪ್ಪು ಸಿಮೆಂಟನ್ನು ಹಾಳುಗೆಡಹುತ್ತದೆ, ಸೀಸ-ಸತುಗಳು ಅದು ಗಟ್ಟಿಯಾಗುವುದನ್ನೇ ತಡಮಾಡುತ್ತವೆ. ಹೂಳಬೇಕಾದ ರಾಶಿಯ ತೂಕವೂ ಹೆಚ್ಚುತ್ತದೆ. ಉಪ್ಪನ್ನು ಮೊದಲು ತೊಳೆದರೆ ಕೆಲಸ ಚೆನ್ನಾಗುತ್ತದೆ. ಆಗ ತೊಳೆದ ಉಪ್ಪುನೀರನ್ನು ಏನು ಮಾಡುವುದು ಎಂಬ ಪ್ರಶ್ನೆ ಏಳುತ್ತದೆ. ಅಕ್ಕಪಕ್ಕ ಕೆರೆ, ಹಳ್ಳ ಇರುವಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ಜಪಾನಿನಲ್ಲಿ ಹೆಚ್ಚು ಬಳಕೆಗೆ ಬಂದದ್ದು ಕೀಲೇಟ್. ಡೈಥಯೋಕಾರ್ಬಮೇಟ್ ಜಾತಿಯ ದ್ರವವನ್ನು ನೀರಿನ ಜೊತೆ ಸೇರಿಸಿ ಬೂದಿಯನ್ನು ನಾದುತ್ತಾರೆ. ಅದರ ಗಂಧಕದ ತುದಿಗಳು ಸೀಸವನ್ನು ಬಿಗಿಯಾಗಿ ಹಿಡಿಯುತ್ತವೆ. ಬೂದಿಯ ತೂಕದ ನೂರಕ್ಕೆ ಕೆಲವು ಪಾಲು ದ್ರವ ಸಾಕು, ಯಂತ್ರ ಸಣ್ಣದು, ಪರೀಕ್ಷೆಯಲ್ಲಿ ಫಲಿತಾಂಶ ಚೆನ್ನ. ನನ್ನ ಆತಂಕ ಇರುವುದು ಆಮೇಲಿನ ಕಾಲದ ಬಗ್ಗೆ. ಕೀಲೇಟ್ ಸಾವಯವ ವಸ್ತು, ಆಮ್ಲ ತಗುಲಿದರೆ ಮುರಿಯುತ್ತದೆ. ಜಪಾನಿನ ಭೂಭರ್ತಿಗಳಲ್ಲೇ, ಹಾಗೆ ಸಂಸ್ಕರಿಸಿದ ಬೂದಿಯಿಂದ ಕೀಲೇಟ್ ಉಳಿಕೆಗಳು ನೀರಿಗೆ ಸೇರಿ, ಇಳಿನೀರಿನಲ್ಲಿ ಸಾರಜನಕದ ಹೊರೆ ಹೆಚ್ಚಿ, ಅದನ್ನು ಶುದ್ಧಗೊಳಿಸುವ ಕೆಲಸ ವರ್ಷಗಟ್ಟಲೆ ಎಳೆಯುತ್ತಿದೆ ಎಂಬುದು ದಾಖಲಾಗಿದೆ.

ಅಮೆರಿಕ ಆರಿಸಿಕೊಂಡ ದಾರಿ ಫಾಸ್ಫೇಟ್. ಬೂದಿಗೆ ಕರಗುವ ಫಾಸ್ಫೇಟ್ ಬೆರೆಸಿದರೆ ಸೀಸ, ಫಾಸ್ಫೇಟ್, ಕ್ಲೋರೈಡ್ ಮೂರೂ ಸೇರಿ ಪೈರೋಮಾರ್ಫೈಟ್ ಎಂಬ ಖನಿಜವಾಗುತ್ತದೆ. ನಮ್ಮ ಹಲ್ಲು-ಮೂಳೆಗಳಲ್ಲಿರುವ ಅಪಟೈಟ್ ಕುಟುಂಬಕ್ಕೆ ಸೇರಿದ ಖನಿಜ ಇದು. ಸೀಸದ ಸಂಯುಕ್ತಗಳಲ್ಲೇ ಅತಿ ಕಡಿಮೆ ಕರಗುವವುಗಳಲ್ಲಿ ಒಂದು; ಸೀಸದ ಗಣಿಗಳ ಬಳಿ ಪ್ರಕೃತಿಯೂ ತಾನಾಗಿ ಇದನ್ನು ಸೃಷ್ಟಿಸುತ್ತದೆ. ಕಟ್ಟಿಹಾಕುವ ವಿಧಾನಗಳಲ್ಲಿ ಇದರ ಮೇಲೆ ನನಗೆ ಹೆಚ್ಚು ಭರವಸೆ, ಏಕೆಂದರೆ ಇಲ್ಲಿ ಸೀಸವನ್ನು ಹಿಡಿಯುವುದು ಕೊಳೆಯದ ಕಲ್ಲು. ಕ್ಯಾಡ್ಮಿಯಂ, ಆಂಟಿಮನಿ, ಉಪ್ಪುಗಳ ಮೇಲೆ ಅದರ ಹಿಡಿತ ಅಷ್ಟಕ್ಕಷ್ಟೇ.

ಅಮೆರಿಕದಲ್ಲಿ ಫಾಸ್ಫೇಟ್ ಬಳಕೆ ಬೆಳೆದದ್ದರ ಹಿಂದೆ ಒಂದು ಮೊಕದ್ದಮೆ ಇದೆ. ಅದರ ಪಾಠ ನಮಗೂ ಬೇಕಾದದ್ದು. ಷಿಕಾಗೋ ನಗರ ತನ್ನ ಕಸದ ಕುಲುಮೆಯ ಬೂದಿಯನ್ನು ಸಾಮಾನ್ಯ ಕಸದ ಹಾಗೇ ಹೂಳುತ್ತಿತ್ತು. ಮನೆಗಳ ಕಸ ಅಪಾಯಕಾರಿ ತ್ಯಾಜ್ಯವಲ್ಲ, ಆದ್ದರಿಂದ ಅದರ ಬೂದಿಯೂ ಅಲ್ಲ ಎಂಬುದು ಅದರ ವಾದ. ಎನ್ವಿರಾನ್‌ಮೆಂಟಲ್ ಡಿಫೆನ್ಸ್ ಫಂಡ್ ಎಂಬ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. 1994ರ ಮೇ 2ರಂದು ಅಮೆರಿಕದ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ತೀರ್ಪು ಕೊಟ್ಟಿತು: ಕಸಕ್ಕಿರುವ ವಿನಾಯಿತಿ ಬೂದಿಗೆ ಇಲ್ಲ, ಬೂದಿಯನ್ನು ಪರೀಕ್ಷಿಸಲೇಬೇಕು. ತೀರ್ಪು ಬರೆದವರು ನ್ಯಾಯಮೂರ್ತಿ ಆಂಟನಿನ್ ಸ್ಕಲಿಯಾ.

ಆ ಪರೀಕ್ಷೆಯ ಹೆಸರು ಟಿಸಿಎಲ್‌ಪಿ. ಬೂದಿಯ ತೂಕದ 20 ಪಟ್ಟು ಅಸಿಟಿಕ್ ಆಮ್ಲದ ದ್ರಾವಣದಲ್ಲಿ 18 ಗಂಟೆ ತಿರುಗಿಸಿ, ಸೋಸಿ, ಕರಗಿ ಬಂದ ಲೋಹವನ್ನು ಅಳೆಯುತ್ತಾರೆ. ಸೀಸ ಲೀಟರಿಗೆ 5 ಮಿಲಿಗ್ರಾಂ, ಕ್ಯಾಡ್ಮಿಯಂ 1 ಮಿಲಿಗ್ರಾಂ ಮುಟ್ಟಿದರೆ ಅದು ಅಪಾಯಕಾರಿ. ಹಾರುಬೂದಿಯನ್ನು ಬೇರೆಯಾಗಿ ಪರೀಕ್ಷಿಸಿದರೆ ಬಹಳ ಸಲ ನಪಾಸು. ತಳಬೂದಿಯ ಜೊತೆ ಬೆರೆಸಿ ಪರೀಕ್ಷಿಸಿದರೆ ಬಹಳ ಸಲ ಪಾಸು. ತೀರ್ಪಿನ ಮರುವರ್ಷ ಅಲ್ಲಿನ ಪರಿಸರ ಸಂಸ್ಥೆ, ಬೂದಿ ಕುಲುಮೆಯ ಕಟ್ಟಡದಿಂದ ಹೊರಬರುವ ಹಂತದಲ್ಲಿ ಪರೀಕ್ಷಿಸಿದರೆ ಸಾಕು ಎಂದಿತು. ಕಟ್ಟಡದೊಳಗೇ ಎರಡನ್ನೂ ಬೆರೆಸಲು ದಾರಿಯಾಯಿತು. ಸೂಕ್ಷ್ಮ ಇನ್ನೂ ಒಂದಿದೆ. ಬೂದಿಯಲ್ಲಿರುವ ಸುಣ್ಣ ಪರೀಕ್ಷೆಯ ಆಮ್ಲವನ್ನು ನುಂಗಿಹಾಕುತ್ತದೆ. ಸುಣ್ಣದ ಪ್ರಮಾಣ ಸರಿಯಾಗಿ ಹೊಂದಿದರೆ 18 ಗಂಟೆ ಕಳೆದಾಗ ಪಿಎಚ್ 9-10ರ ಹತ್ತಿರ ಬಂದು ನಿಲ್ಲುತ್ತದೆ. ಸೀಸ ಅತಿ ಕಡಿಮೆ ಕರಗುವುದು ಅಲ್ಲೇ ಎಂದು ಆಗಲೇ ನೋಡಿದೆವಲ್ಲ. ಲೋಹ ಎಷ್ಟಿತ್ತೋ ಅಷ್ಟೇ ಇರುತ್ತದೆ, ಪರೀಕ್ಷೆಯ ಕಾಗದದಲ್ಲಿ ಮಾತ್ರ ಕಾಣುವುದಿಲ್ಲ. ಇದನ್ನು ಸಂಸ್ಕರಣೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇದಕ್ಕೆ ಹೋಲಿಸಿದರೆ ಯುರೋಪಿನಲ್ಲಿ ಬೆಳೆದ ಪರೀಕ್ಷಾ ಕ್ರಮ ಹೆಚ್ಚು ಪ್ರಾಮಾಣಿಕವಾದದ್ದು. ಒಂದೇ ಬೂದಿಯ ಹಲವು ಮಾದರಿಗಳನ್ನು ಆಮ್ಲದಿಂದ ಕ್ಷಾರದವರೆಗೆ ಬೇರೆ ಬೇರೆ ಪಿಎಚ್‌ಗಳಲ್ಲಿ ಇಟ್ಟು ಪ್ರತಿ ಲೋಹ ಎಲ್ಲೆಲ್ಲಿ ಎಷ್ಟೆಷ್ಟು ಕರಗುತ್ತದೆ ಎಂದು ಗೆರೆ ಎಳೆಯುತ್ತಾರೆ. ಇಂದಿನ ಬೂದಿ ಮುಂದೆ ಸುಣ್ಣ ಕಳೆದುಕೊಂಡಾಗ ಹೇಗೆ ವರ್ತಿಸೀತು ಎಂಬುದರ ಅಂದಾಜು ಆ ಗೆರೆಯಲ್ಲಿ ಸಿಗುತ್ತದೆ.

ಲೋಹವನ್ನು ಹೊರತೆಗೆಯುವ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೋಗಿರುವುದು ಸ್ವಿಟ್ಜರ್ಲೆಂಡ್. ಸುಡಬಹುದಾದ ಕಸವನ್ನು ಹೂಳುವುದನ್ನೇ ಆ ದೇಶ 2000ನೇ ಇಸವಿಯಿಂದ ನಿಷೇಧಿಸಿದೆ, ಹಾಗಾಗಿ ಅಲ್ಲಿ ಬೂದಿಯ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಅಲ್ಲಿನ ವಿಧಾನದ ಹೆಸರು ಫ್ಲುವಾ, ಆಮ್ಲದಿಂದ ಬೂದಿ ತೊಳೆಯುವುದು. ನನಗೆ ಬಹಳ ಹಿಡಿಸಿದ್ದು ಆಮ್ಲ ಎಲ್ಲಿಂದ ಬರುತ್ತದೆ ಎಂಬುದು. ಅಲ್ಲಿನ ಹಲವು ಸ್ಥಾವರಗಳಲ್ಲಿ ಹೊಗೆಯನ್ನು ನೀರಿನಿಂದ ತೊಳೆಯುತ್ತಾರೆ. ಹೊಗೆಯ ಕ್ಲೋರಿನ್ ಆ ನೀರನ್ನು ಹೈಡ್ರೋಕ್ಲೋರಿಕ್ ಆಮ್ಲವಾಗಿಸುತ್ತದೆ. ಹೇಗೂ ವಿಲೇವಾರಿ ಮಾಡಬೇಕಾದ ಆ ಆಮ್ಲದಲ್ಲೇ ಹೇಗೂ ವಿಲೇವಾರಿ ಮಾಡಬೇಕಾದ ಹಾರುಬೂದಿಯನ್ನು ತೊಳೆಯುತ್ತಾರೆ. ಎರಡು ತಲೆನೋವು ಒಂದನ್ನೊಂದು ಪರಿಹರಿಸುತ್ತವೆ. ಸತು, ಕ್ಯಾಡ್ಮಿಯಂಗಳ ಬಹುಪಾಲು ಆಮ್ಲಕ್ಕೆ ಇಳಿಯುತ್ತದೆ. ಸೀಸ, ತಾಮ್ರಗಳನ್ನು ಕರಗಿದಂತೆಯೇ ಉಳಿಸಿಕೊಳ್ಳಲು ಹೈಡ್ರೋಜನ್ ಪೆರಾಕ್ಸೈಡ್ ಸೇರಿಸುತ್ತಾರೆ.

ಸೊಲೊಥರ್ನ್ ಪಟ್ಟಣದ ಪಕ್ಕದ ಜುಕ್‌ವಿಲ್‌ನಲ್ಲಿ 2012ರಿಂದ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದ್ದಾರೆ. ಆಮ್ಲಕ್ಕೆ ಸತುವಿನ ಪುಡಿ ಹಾಕಿದರೆ ಅದು ತಾನು ಕರಗಿ, ಕರಗಿದ್ದ ಕ್ಯಾಡ್ಮಿಯಂ, ಸೀಸ, ತಾಮ್ರವನ್ನು ಹೊರದಬ್ಬುತ್ತದೆ. ಆ ಕೆಸರನ್ನು ಲೋಹ ಕರಗಿಸುವ ಕಾರ್ಖಾನೆಗೆ ಕಳಿಸುತ್ತಾರೆ. ಉಳಿದ ದ್ರಾವಣದಿಂದ ಸತುವನ್ನು ಮಾತ್ರ ಬೇರ್ಪಡಿಸಿ ವಿದ್ಯುತ್ ಹಾಯಿಸಿದರೆ ಮಾರುಕಟ್ಟೆಗೆ ಯೋಗ್ಯವಾದ ಶುದ್ಧ ಸತುವಿನ ಹಾಳೆ. ತೊಳೆದ ಬೂದಿಯನ್ನು ಮತ್ತೆ ಕುಲುಮೆಗೆ ಹಾಕಿ ಅದರ ಡಯಾಕ್ಸಿನ್ ಸುಡುತ್ತಾರೆ. ಹಾರುಬೂದಿಯಿಂದ ಲೋಹ ಹೊರತೆಗೆಯುವುದು ಕಡ್ಡಾಯ ಎಂದು ದೇಶದ ತ್ಯಾಜ್ಯ ಆದೇಶದಲ್ಲೇ ಬರೆದಿದ್ದಾರೆ. ಇದರಿಂದ ಲಾಭ ಬರುತ್ತದೆಂದು ಅವರು ಮಾಡುತ್ತಿಲ್ಲ. ಸತುವಿನ ಮಾರಾಟದಿಂದ ಖರ್ಚಿನ ಒಂದು ಪಾಲು ಹಿಂದೆ ಬರುತ್ತದೆ, ಉಳಿದದ್ದನ್ನು ಕಸ ಹಾಕುವವರು ತೆರುತ್ತಾರೆ. ಆದರೆ ಮೊಮ್ಮಕ್ಕಳ ಕಾಲದಲ್ಲಿ ಕರಗಬೇಕಿದ್ದ ಕ್ಯಾಡ್ಮಿಯಂ ಬೂದಿ ಹೂಳುವ ಗುಂಡಿಯಲ್ಲಿ ಅಷ್ಟರಮಟ್ಟಿಗೆ ಇರುವುದೇ ಇಲ್ಲ.

ಟೋಕಿಯೋ ಪಶ್ಚಿಮದ ತಾಮಾ ಪ್ರದೇಶದ್ದು ಇನ್ನೊಂದು ಕಥೆ. ಅಲ್ಲಿನ ಊರುಗಳ ಬೂದಿಯೆಲ್ಲ ಹಿನೋದೆ ಎಂಬ ಗುಡ್ಡಗಾಡು ಪಟ್ಟಣದ ಕಣಿವೆಗೆ ಬಂದು ಬೀಳುತ್ತಿತ್ತು. 1984ರಲ್ಲಿ ಶುರುವಾದ ಮೊದಲ ಗುಂಡಿ ತುಂಬುತ್ತಾ ಬಂತು. ಅದರ ತಳಹಾಳೆ ಸೋರುತ್ತಿದೆಯೆಂಬ ಶಂಕೆಯಿಂದ ಸ್ಥಳೀಯರು 1990ರ ದಶಕದಲ್ಲಿ ದೊಡ್ಡ ಹೋರಾಟ ನಡೆಸಿದರು. ಎರಡನೆಯ ಗುಂಡಿಯೂ ಬಂತು. ಮೂರನೆಯದಕ್ಕೆ ಜಾಗವಿರಲಿಲ್ಲ, ಜನ ಒಪ್ಪುವ ಸ್ಥಿತಿಯೂ ಇರಲಿಲ್ಲ. 2006ರಲ್ಲಿ ಅಲ್ಲೇ ಬೂದಿಯಿಂದ ಸಿಮೆಂಟ್ ಮಾಡುವ ಕಾರ್ಖಾನೆ ಆರಂಭವಾಯಿತು. ಬೂದಿಯಲ್ಲಿ ಸುಣ್ಣ, ಸಿಲಿಕಾ, ಅಲ್ಯೂಮಿನಾ ಇವೆ, ಸಿಮೆಂಟಿಗೆ ಬೇಕಾದದ್ದೂ ಅವೇ. ಸುಣ್ಣಕಲ್ಲು ಬೆರೆಸಿ 1,300 ಡಿಗ್ರಿಗೂ ಮೇಲೆ ಕಾಯಿಸಿದಾಗ ಬೂದಿಯೊಳಗಿನ ಕ್ಲೋರಿನ್ ಸೀಸ, ಸತುಗಳನ್ನು ಆವಿಯಾಗಿಸಿ ಹೊರಗೊಯ್ಯುತ್ತದೆ. ಕಸದ ಕುಲುಮೆಯಲ್ಲಿ ವೈರಿಯಾಗಿದ್ದ ಅದೇ ರಸಾಯನಶಾಸ್ತ್ರ ಇಲ್ಲಿ ಕೆಲಸಕ್ಕೆ ಬಂತು. ಆವಿಯನ್ನು ಹಿಡಿದು ಲೋಹದ ಕಾರ್ಖಾನೆಗೆ ಕಳಿಸುತ್ತಾರೆ, ಸಿಮೆಂಟ್ ಮಾರುತ್ತಾರೆ. ಹಿನೋದೆಯ ಗುಂಡಿಗೆ ಬೂದಿ ಬೀಳುವುದು ನಿಂತಿತು. ಇಂಧನದ ಖರ್ಚು ಸಣ್ಣದಲ್ಲ. ಬೂದಿಯನ್ನು ಕರಗಿಸಿ ಗಾಜಿನಂತಾಗಿಸುವ ಕುಲುಮೆಗಳನ್ನೂ ಜಪಾನ್ ಒಂದು ಕಾಲಕ್ಕೆ ಊರೂರಿಗೆ ಕಟ್ಟಿತ್ತು. ಇಂಧನದ ಹೊರೆ ತಾಳದೆ ಅವುಗಳಲ್ಲಿ ಅನೇಕವನ್ನು ಮುಚ್ಚಬೇಕಾಯಿತು.

ನಾರ್ವೆಯದು ಬೇರೆ ಜಾಣತನ. ಓಸ್ಲೋ ಸಮೀಪದ ಲಾಂಗಯಾ ದ್ವೀಪದಲ್ಲಿ ಸುಣ್ಣಕಲ್ಲು ಅಗೆದು ಬಿಟ್ಟ, ಸಮುದ್ರ ಮಟ್ಟಕ್ಕಿಂತ ಆಳದ ಕ್ವಾರಿಗಳಿದ್ದವು. ಬಿಳಿ ಬಣ್ಣಕ್ಕೆ ಬೇಕಾದ ಟೈಟಾನಿಯಂ ಡೈಆಕ್ಸೈಡ್ ಕಾರ್ಖಾನೆಯ ತ್ಯಾಜ್ಯ ಗಂಧಕಾಮ್ಲವನ್ನೂ ಕ್ಷಾರದ ಹಾರುಬೂದಿಯನ್ನೂ ಅಲ್ಲಿ ಬೆರೆಸಿದರು. ಎರಡೂ ತಟಸ್ಥವಾಗಿ ಜಿಪ್ಸಂ ಕೆಸರಾಯಿತು, ಲೋಹ ಅದರೊಳಗೆ ಕೂತಿತು, ಅದರಿಂದಲೇ ಕ್ವಾರಿ ತುಂಬಿತು. ಸಿಂಗಪುರ ಹಿಡಿದದ್ದು ಬೇರೆ ದಾರಿ. ಅದು ಸಮುದ್ರದಲ್ಲೇ 7 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿ, ಒಳಗೆ ಹಾಳೆ ಮತ್ತು ಜೇಡಿ ಹಾಸಿ, 1999ರಿಂದ ಸೆಮಕಾವ್ ಎಂಬಲ್ಲಿ ಬೂದಿ ತುಂಬುತ್ತಿದೆ. ಅದು 2035ರ ಹೊತ್ತಿಗೆ ಭರ್ತಿಯಾಗುತ್ತದೆಂದು ಅಲ್ಲಿನ ಸರ್ಕಾರವೇ ಹೇಳುತ್ತಿದೆ. ತಳಬೂದಿಯನ್ನು ಸಂಸ್ಕರಿಸಿ ರಸ್ತೆ, ಕಟ್ಟಡಗಳಿಗೆ ಬಳಸುವ ಪ್ರಯೋಗಕ್ಕೆ ಅವರು ಈಗ ಇಳಿದಿರುವುದು ಅದಕ್ಕೇ.

ನಮ್ಮ ಕಡೆಗೆ ಬರೋಣ. ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮ ಬೆಂಗಳೂರಿನ ಕಸಕ್ಕಾಗಿ ಕಟ್ಟಿರುವ ಸ್ಥಾವರ 11.5 ಮೆಗಾವ್ಯಾಟ್‌ನದು, ದಿನಕ್ಕೆ 600 ಟನ್ ಕಸ ಸುಡುವ ಲೆಕ್ಕದ್ದು. ಯುರೋಪಿನ ಪ್ರಮಾಣವನ್ನೇ ಹಿಡಿದರೂ ಪೂರ್ತಿ ಸಾಮರ್ಥ್ಯದಲ್ಲಿ ಓಡುವ ದಿನ 12ರಿಂದ 18 ಟನ್ ಹಾರುಬೂದಿ, 120ರಿಂದ 150 ಟನ್ ತಳಬೂದಿ ಹೊರಬೀಳಬೇಕು. ಬೀದಿಯ ಮಣ್ಣು, ಕಟ್ಟಡದ ಚೂರು ಬೆರೆತ ನಮ್ಮ ಕಸದಲ್ಲಿ ತಳಬೂದಿ ಇನ್ನೂ ಹೆಚ್ಚಾದೀತು.

ಇಲ್ಲಿ ನಮ್ಮ ನಾಡಿಗೆ ವಿಶೇಷವಾದ ಒಂದು ಅಪಾಯವಿದೆ. ರಾಯಚೂರಿನ ಶಕ್ತಿನಗರದ ಕಲ್ಲಿದ್ದಲ ಸ್ಥಾವರದಿಂದ ಬರುವ ಹಾರುಬೂದಿ ನಮಗೆ ದಶಕಗಳಿಂದ ಗೊತ್ತು. ಅದು ಸಿಮೆಂಟಿಗೆ ಹೋಗುತ್ತದೆ, ಇಟ್ಟಿಗೆಗೆ ಹೋಗುತ್ತದೆ, ತಗ್ಗು ತುಂಬಲು ಹೋಗುತ್ತದೆ. ಬಳಸಿ ಎಂದು ಸರ್ಕಾರವೇ ಒತ್ತಾಯಿಸುತ್ತದೆ. ಕಸದ ಹಾರುಬೂದಿಗೂ ಇದಕ್ಕೂ ಬಣ್ಣ ಒಂದೇ, ನುಣುಪು ಒಂದೇ. ಒಳಗಿನ ಸರಕು ಪೂರಾ ಬೇರೆ. ಕಸದ್ದರಲ್ಲಿ ಸೀಸ, ಸತು, ಕ್ಯಾಡ್ಮಿಯಂ ಹಲವು ಪಟ್ಟು ಹೆಚ್ಚು, ಅದರ ಜೊತೆಗೆ ನೀರಿಗೆ ಬಿದ್ದೊಡನೆ ಕರಗುವ ಉಪ್ಪು, ಡಯಾಕ್ಸಿನ್. ಒಂದು ಲಾರಿ ಬೂದಿ ಇಟ್ಟಿಗೆ ಗೂಡಿಗೆ ತಿರುಗಿದರೆ, ಅಥವಾ ಗುತ್ತಿಗೆದಾರನೊಬ್ಬ ರಾತ್ರಿ ಅದನ್ನು ಪಾಳುಬಿದ್ದ ಕಲ್ಲುಕ್ವಾರಿಗೆ ಸುರಿದರೆ ಕಣ್ಣಿಂದ ಯಾರೂ ಗುರುತಿಸಲಾರರು. ಬಂಡೆಯ ಬಿರುಕುಗಳಲ್ಲಿ ನೀರು ಹರಿಯುವ ಸೀಮೆ ನಮ್ಮದು. ಕ್ವಾರಿಗೆ ಸುರಿದದ್ದು ಯಾವ ಊರಿನ ಕೊಳವೆಬಾವಿಯಲ್ಲಿ ಏಳುತ್ತದೆ ಎಂದು ಹೇಳಲಾಗದು.

ಕಾನೂನಿನಲ್ಲಿ ಜಾಗ ಇದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು, ಬೂದಿಯಲ್ಲಿನ ವಿಷಲೋಹ ಅಪಾಯಕಾರಿ ತ್ಯಾಜ್ಯದ ಮಿತಿ ದಾಟಿದರೆ ಅದನ್ನು ಅಂಥ ತ್ಯಾಜ್ಯ ಸಂಸ್ಕರಿಸುವ ಕೇಂದ್ರಕ್ಕೇ ಕಳಿಸಬೇಕು ಎಂದವು. ನಮ್ಮ ರಾಜ್ಯದಲ್ಲಿ ದಾಬಸ್‌ಪೇಟೆ ಬಳಿ ಅಂಥ ಕೇಂದ್ರವಿದೆ. ಮಿತಿಯನ್ನು ಅಳೆಯುವ ಪರೀಕ್ಷೆ ಮಾತ್ರ ಅಮೆರಿಕದ ಅದೇ ಟಿಸಿಎಲ್‌ಪಿ, ಸೀಸಕ್ಕೆ ಅದೇ 5 ಮಿಲಿಗ್ರಾಂ. ಕುಡಿಯುವ ನೀರಿನ ಮಿತಿಯ 500 ಪಟ್ಟು. ಜಪಾನಿನಲ್ಲಿ ಬರೀ ನೀರಿನಲ್ಲಿ ಕುಲುಕಿ ಮಾಡುವ ಪರೀಕ್ಷೆಗೆ ಸೀಸದ ಮಿತಿ 0.3 ಮಿಲಿಗ್ರಾಂ. ಸುಣ್ಣದ ಹಾರುಬೂದಿಯಿಂದ ಮಳೆನೀರಿಗೆ ಸೀಸ ಎಷ್ಟು ಇಳಿಯುತ್ತದೆ ಎಂಬುದನ್ನು ಆ ಬರೀ ನೀರಿನ ಪರೀಕ್ಷೆಯೇ ಚೆನ್ನಾಗಿ ಹಿಡಿಯುತ್ತದೆ.

ಮಾವಳ್ಳಿಪುರ, ಮಂಡೂರಿನ ಜನ ಬೆಂಗಳೂರಿನ ಕಸದ ನೀರು ತಮ್ಮ ಬಾವಿಗೆ ಇಳಿದದ್ದನ್ನು ಕಂಡವರು. ಒಂದೆಡೆ 2012ರಲ್ಲಿ, ಇನ್ನೊಂದೆಡೆ 2014ರ ಕೊನೆಗೆ ಕಸ ಸುರಿಯುವುದು ನಿಂತದ್ದು ಅವರು ರಸ್ತೆಗಿಳಿದ ಮೇಲೆಯೇ. ಕಸದ ನೀರಿಗೆ ನಾತವಿತ್ತು, ಬಣ್ಣವಿತ್ತು, ಲಾರಿ ತಡೆಯಲು ಅದು ಸಾಕ್ಷಿಯಾಯಿತು. ಸೀಸ ಕರಗಿದ ನೀರಿಗೆ ನಾತವಿಲ್ಲ, ಬಣ್ಣವಿಲ್ಲ, ರುಚಿಯೂ ಬದಲಾಗದು. ಬೂದಿಯ ವಿಷಯದಲ್ಲಿ ಊರವರ ಮೂಗು-ಕಣ್ಣಿನ ಕೆಲಸವನ್ನು ಪ್ರಯೋಗಾಲಯವೇ ಮಾಡಬೇಕು, ಅದರ ವರದಿ ಊರವರ ಕೈಗೆ ಸಿಗಬೇಕು.

ನಾಳೆಯೇ ಜುಕ್‌ವಿಲ್‌ನಂಥ ಕಾರ್ಖಾನೆ ಕಟ್ಟಿ ಎಂದು ಕೇಳುತ್ತಿಲ್ಲ. ಎಲ್ಲಕ್ಕಿಂತ ಅಗ್ಗದ ಸಂಸ್ಕರಣೆ ಕುಲುಮೆಗೆ ಮುಂಚೆ ಆಗುವಂಥದ್ದು. ಬ್ಯಾಟರಿ, ತಂತಿ, ಪಿವಿಸಿ ಪೈಪಿನ ತುಂಡು, ಟ್ಯೂಬ್‌ಲೈಟ್, ಸರ್ಕ್ಯೂಟ್ ಬೋರ್ಡ್ ಒಣಕಸ ಕೇಂದ್ರದಲ್ಲೇ ಬೇರೆಯಾದರೆ ಸೀಸವೂ ಕಡಿಮೆ, ಅದನ್ನು ಹಾರಿಸುವ ಕ್ಲೋರಿನ್ನೂ ಕಡಿಮೆ. ಆ ಕೆಲಸ ಮಾಡುತ್ತಿರುವವರು ಪೌರಕಾರ್ಮಿಕರು ಮತ್ತು ಚಿಂದಿ ಆಯುವ ಹೆಂಗಸರು. ಬೂದಿಯನ್ನು ಸಂಸ್ಕರಿಸಲು ತೆರಬೇಕಾದ ಹಣದ ಒಂದು ಪಾಲನ್ನು ಅವರ ಕೂಲಿಗೆ, ಕೈಗವಸಿಗೆ, ಶೆಡ್ಡಿಗೆ ಕೊಡುವುದು ಉಪಕಾರವಲ್ಲ, ಲೆಕ್ಕಾಚಾರ.

ಸ್ಥಾವರದೊಳಗೆ ಆಗಬೇಕಾದದ್ದೂ ದೊಡ್ಡ ವಿಜ್ಞಾನವೇನಲ್ಲ. ತಳಬೂದಿಗೂ ಹಾರುಬೂದಿಗೂ ಬೇರೆ ಬೇರೆ ಸಂಗ್ರಹ, ಬೇರೆ ಬೇರೆ ಪರೀಕ್ಷೆ, ಯಾವ ಕಾರಣಕ್ಕೂ ಬೆರೆಸದಂತೆ ಷರತ್ತು. ಟಿಸಿಎಲ್‌ಪಿಯ ಜೊತೆಗೆ ಬರೀ ನೀರಿನ ಪರೀಕ್ಷೆ, ವರ್ಷಕ್ಕೆ ಒಮ್ಮೆಯಾದರೂ ಬೇರೆ ಬೇರೆ ಪಿಎಚ್‌ಗಳ ಪರೀಕ್ಷೆ. ಹಾರುಬೂದಿ ಹೊತ್ತ ಪ್ರತಿ ಲಾರಿಗೆ ಹೊರಟ ತೂಕ, ತಲುಪಿದ ತೂಕ, ತಲುಪಿದ ಜಾಗದ ದಾಖಲೆ. ಕಸದಿಂದ ವಿದ್ಯುತ್ ತೆಗೆಯುವ ಮುಂದಿನ ಟೆಂಡರುಗಳಲ್ಲಿ ಯೂನಿಟ್‌ಗೆ ಎಷ್ಟು ರೂಪಾಯಿ ಎಂದು ಬರೆಯುವ ಕಡೆಯಲ್ಲೇ, ಒಂದು ಟನ್ ಹಾರುಬೂದಿಯನ್ನು ಸಂಸ್ಕರಿಸಲು ಎಷ್ಟು, ಅದನ್ನು ಹೂಳಿದ ಜಾಗದ ಸುತ್ತಲಿನ ಬಾವಿಗಳನ್ನು ಎಷ್ಟು ವರ್ಷ ಪರೀಕ್ಷಿಸಬೇಕು, ಆ ಖರ್ಚು ಯಾರದು ಎಂಬುದನ್ನೂ ಬರೆಯಬೇಕು.